ಅಣ್ಣ ಬಂದು ಹೋದ ಮೇಲೆ

ಸ್ಟಿಕ್ಕರಿನ ಮೇಲಿದ್ದದ್ದು ನನ್ನದೇ ಕೈಬರಹ: ಮೈನಸ್ ಹತ್ತೊಂಬತ್ತು. ಜೂನ್ ತಿಂಗಳಲ್ಲಿ ಆ ಮನೆಗೆ ಫೈಬರ್ ಎಳೆದ ದಿನ ನಾನೇ ಬರೆದು ಮೋಡೆಮ್ಮಿನ ಹೊಟ್ಟೆಗೆ ಅಂಟಿಸಿದ್ದೆ. ಈಗ ನನ್ನ ಕೈಯಲ್ಲಿದ್ದ ಮೀಟರ್ ತೋರಿಸುತ್ತಿದ್ದದ್ದು ಮೈನಸ್ ಇಪ್ಪತ್ತನಾಲ್ಕು. ನಾಲ್ಕು ತಿಂಗಳಲ್ಲಿ ಇಷ್ಟು ಬೆಳಕು ತಾನಾಗಿ ಸೋರಿಹೋಗುವುದಿಲ್ಲ. ಯಾರೋ ಕೈಯಾಡಿಸಿದ್ದಾರೆ ಎಂದು ನಿಂತ ಜಾಗದಲ್ಲೇ ತೀರ್ಮಾನಿಸಿದೆ. ನನ್ನ ಹೆಂಡತಿ ಹೇಳುವ ಹಾಗೆ, ನನಗೆ ಅನುಮಾನ ಹುಟ್ಟುವುದಕ್ಕೆ ಕಾರಣವೇ ಬೇಕಿಲ್ಲ, ಎದುರಿಗೊಬ್ಬ ಮನುಷ್ಯನಿದ್ದರೆ ಸಾಕು.

ಈ ಮೈನಸ್ಸಿನ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ಫೈಬರ್ ಅಂದರೆ ಕೂದಲೆಳೆಯಷ್ಟು ಸಣ್ಣ ಗಾಜಿನ ದಾರ. ಅದರೊಳಗೆ ಹರಿಯುವುದು ಬೆಳಕು. ಮನೆಗೆ ಎಷ್ಟು ಬೆಳಕು ತಲುಪುತ್ತಿದೆ ಎಂದು ನೋಡಲು ದಾರದ ತುದಿಯ ಕನೆಕ್ಟರನ್ನು ಮೋಡೆಮ್ಮಿನಿಂದ ಕಿತ್ತು, ಮೀಟರಿನ ಬಾಯಿಗೆ ಸಿಕ್ಕಿಸುತ್ತೇವೆ. ಮೈನಸ್ ಹದಿನೆಂಟು, ಹತ್ತೊಂಬತ್ತು ಬಂದರೆ ಲೈನ್ ಗಟ್ಟಿಮುಟ್ಟು. ಅಂಕಿ ಬೆಳೆದಷ್ಟೂ ಬೆಳಕು ಕಡಿಮೆ. ಇಪ್ಪತ್ತೇಳು ದಾಟಿತೋ, ಲೈನ್ ಮಲಗಿತು.

ಮನೆ ಇದ್ದದ್ದು ಹೊಸೂರಿನಲ್ಲಿ, ಬಾಗಲೂರು ರಸ್ತೆ ಕಡೆಯ ಹೊಸ ಬಡಾವಣೆಯಲ್ಲಿ. ಕೆಳಗಿನ ಮನೆಯಲ್ಲಿ ಮಂಡ್ಯ ಕಡೆಯಿಂದ ಬಂದ ಗಂಡ ಹೆಂಡತಿ ಬಾಡಿಗೆಗಿದ್ದರು. ಗಂಡನಿಗೆ ಮೋಟಾರ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಹೆಂಡತಿ ಮನೆಯಿಂದಲೇ ಒಂದು ಕಂಪನಿಗೆ ದುಡಿಯುತ್ತಿದ್ದಳು. ಗಿರಾಕಿಗಳ ಫೋನ್ ಮಾತುಗಳ ರೆಕಾರ್ಡಿಂಗ್ ಕೇಳಿ, ಉತ್ತರ ಕೊಟ್ಟವರು ಸರಿಯಾಗಿ ಮಾತಾಡಿದರೋ ಇಲ್ಲವೋ ಎಂದು ಅಂಕ ಹಾಕುವ ಕೆಲಸ. ಹನ್ನೊಂದು ತಿಂಗಳ ಮಗು ಬೇರೆ.

ಅವಳ ದೂರು ಮೊದಲಿಗೆ ಸಣ್ಣದೇ ಆಗಿತ್ತು. ಮಗು ಮುಂದಿನ ಕೋಣೆಯಲ್ಲಿ ಮಲಗುತ್ತದೆ ಎಂದು ಇವಳು ಮೇಜನ್ನು ಹಿಂದಿನ ಕೋಣೆಗೆ ಸಾಗಿಸಿದ್ದಳು. ಅಲ್ಲಿ ವೈಫೈ ಎಳೆಯುತ್ತಿರಲಿಲ್ಲ. ನೂರು ಎಂಬಿ ಸ್ಪೀಡಿನ ಪ್ಲಾನಿನಲ್ಲಿ ಮುಂದೆ ತೊಂಬತ್ತು ಬಂದರೆ ಹಿಂದೆ ನಲವತ್ತು. ಮೋಡೆಮ್ಮನ್ನು ಫ್ರಿಜ್ಜಿನ ಪಕ್ಕದಿಂದ ಎತ್ತಿ ನಡುಗೋಡೆಗೆ ಹಾಕಿದರೆ ಮುಗಿಯಿತು. ನಾನು ಅದನ್ನೇ ಮಾಡಿದೆ. ಆದರೆ ಯಾವ ಮನೆಗೆ ಹೋದರೂ ಮೊದಲು ಮೀಟರ್ ಹಾಕಿ ನೋಡುವುದು ನನ್ನ ಪದ್ಧತಿ. ಹಾಗೆ ನೋಡಿದಾಗಲೇ ಆ ಇಪ್ಪತ್ತನಾಲ್ಕು ಕಂಡದ್ದು.

ಎಲ್ಲ ಮುಗಿಸಿ ಸ್ಪೀಡ್ ನೋಡಿದರೆ ಮುಂದಿನ ಕೋಣೆಯಲ್ಲೂ ಅರವತ್ತು, ಹಿಂದಿನ ಕೋಣೆಯಲ್ಲೂ ಅರವತ್ತು.

"ಮುಂದುಗಡೆ ತೊಂಬತ್ತು ಬತ್ತಿತ್ತಲ್ಲ ಅಣ್ಣ?" ಅಂದಳು.

"ಲೈನಲ್ಲೇ ಏನೋ ಐತೆ ಮೇಡಂ. ನಾಳೆ ನೋಡ್ತೀನಿ."

ಆಗ ಅವಳು ವಿಷಯ ಹೇಳಿದಳು. ಬರುವ ಸೋಮವಾರ ಹತ್ತು ಗಂಟೆಗೆ ಕಂಪನಿಯವರು ಅರ್ಧ ಗಂಟೆ ಅವಳ ಲೈನನ್ನು ಅಲ್ಲಿಂದಲೇ ಪರೀಕ್ಷೆ ಮಾಡುತ್ತಾರೆ. ಐವತ್ತಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಮನೆಯಿಂದ ಕೆಲಸ ಬಂದ್, ದಿನಾ ಬಸ್ಸು ಹತ್ತಿ ಬೆಂಗಳೂರಿನ ಆಫೀಸಿಗೆ ಹೋಗಬೇಕು. "ಹಾಲು ಕುಡಿಯೋ ಮಗೂನ ಯಾರ ಕೈಗೆ ಕೊಟ್ಟು ಹೋಗ್ಲಿ ಅಣ್ಣ? ಕೆಲ್ಸ ಬಿಡ್ಬೇಕಾಯ್ತದೆ ಅಷ್ಟೆ." ದಿನಕ್ಕೆಷ್ಟು ಸ್ಪೀಡ್ ಬರುತ್ತದೆಂದು ಬರೆದಿಡಿ ಎಂದು ಕಂಪನಿಯವರು ಹೇಳಿದ್ದರಂತೆ. ಅದಕ್ಕೆಂದೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡಿದ್ದಳು. ಅವತ್ತು ಮಂಗಳವಾರ. ಐದು ದಿನ ಬೇಕಾದಷ್ಟಾಯಿತು ಎಂದುಕೊಂಡೆ.

ಆಯುಧಪೂಜೆ ಮುಗಿದು ಇನ್ನೂ ವಾರ ಆಗಿರಲಿಲ್ಲ. ನನ್ನ ಬೈಕಿಗೆ ಕಟ್ಟಿದ್ದ ಬಾಳೆಕಂದು ಒಣಗಿ ಜೋತಾಡುತ್ತಿತ್ತು. ನಮ್ಮ ಆಫೀಸಿನಲ್ಲಿ ಪೂಜೆ ಪ್ರತಿವರ್ಷ ನನ್ನದೇ. ಏಣಿ, ಕಟ್ಟರ್, ಫೈಬರ್ ಬೆಸೆಯುವ ಮಿಷನ್, ಮೀಟರ್, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಗಂಧ ಕುಂಕುಮ ಇಟ್ಟು, ಬೂದುಗುಂಬಳ ಒಡೆಯುತ್ತೇವೆ. ಇಟ್ಟ ಬೊಟ್ಟನ್ನು ಆಮೇಲೆ ಒರೆಸುವುದಿಲ್ಲ. ಅದು ತಾನಾಗಿ ಉದುರಬೇಕು. ನಾನು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು.

ಬುಧವಾರ ಹೊರಗಿನ ಕೇಬಲ್ಲಿನ ಗುಂಟ ನಡೆದೆ. ಕಂಬದಿಂದ ಬಂದ ಲೈನು ಮಹಡಿ ಮೆಟ್ಟಿಲ ಪಕ್ಕದಲ್ಲಿ ಇಳಿದು ಕೆಳಮನೆಗೆ ಹೋಗುತ್ತದೆ. ನಾನು ಹೊಡೆದಿದ್ದ ಕ್ಲಿಪ್ಪುಗಳು ಅಲ್ಲಿರಲಿಲ್ಲ. ಕೇಬಲ್ಲನ್ನು ತೆಂಗಿನ ಹುರಿಯಿಂದ ಮೆಟ್ಟಿಲ ಕಂಬಿಗೆ ಕಟ್ಟಿದ್ದರು. ಕೇಬಲ್ ಮೇಲೆ ಅಲ್ಲಲ್ಲಿ ಸುಣ್ಣ. ನೋಡಿದ ಕೂಡಲೇ ಮೈ ಉರಿಯಿತು. ಮನೆಯ ಓನರ್ ಮೇಲಿನ ಮಹಡಿಯಲ್ಲೇ ಸಂಸಾರ ಸಮೇತ ಇದ್ದರು. ವಯಸ್ಸಾದ ಗೌಡರು. ಹಿಂದೆ ಅದೇ ನೆಲದಲ್ಲಿ ರಾಗಿ ಬೆಳೆದವರು, ಈಗ ಉಳಿದ ತುಂಡಿನಲ್ಲಿ ಗುಲಾಬಿ ಹಾಕಿದ್ದರು. ಅವರ ಅಕ್ಕನ ಮಗನದು ಬೇರೊಂದು ಇಂಟರ್ನೆಟ್ ಕನೆಕ್ಷನ್ನಿನ ವ್ಯಾಪಾರ. ಜೂನಿನಲ್ಲೇ "ನಮ್ ಹುಡ್ಗಂದು ಹಾಕುಸ್ಕಳಿ" ಎಂದು ಬಾಡಿಗೆಯವರಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಎಲ್ಲ ತಾಳೆಯಾಯಿತು.

"ಗೌಡ್ರೇ, ಈ ವೈರಿಗೆ ಯಾರು ಕೈ ಹಾಕಿದ್ದು?"

"ನಂಗೇನ್ ಗೊತ್ತಪ್ಪಾ? ಗಾಳೀಗೆ ಬಿಚ್ಕಂಡಿರ್ಬೇಕು."

"ಗಾಳಿ ಬಂದು ಸುಣ್ಣ ಬಳ್ದು, ಹುರೀಲಿ ಗಂಟು ಹಾಕ್ಬುಟ್ಟು ಹೋಯ್ತಾ?"

ಗೌಡರ ಮುಖ ಬಿಗಿಯಿತು. "ಹಬ್ಬಕ್ಕೆ ಸುಣ್ಣ ಹೊಡುಸ್ದೆ. ವೈರು ಬಿಚ್ಚಿ ತಿರ್ಗಾ ಕಟ್ದೆ. ಅದಕ್ಕೇನೀಗ? ನನ್ ಗ್ವಾಡೆಗೆ ನಾನು ಸುಣ್ಣ ಹೊಡೀಬಾರ್ದಾ?"

"ಮತ್ಯಾಕೆ ಸುಳ್ಳು ಹೇಳಿದ್ರಿ?"

"ನೀನು ಪೋಲೀಸ್ನೋರಂಗೆ ಬಂದು ಕೇಳುದ್ರೆ ಯಾವನ್ಲಾ ನಿಜ ಹೇಳ್ತಾನೆ?"

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನನ್ನ ನಾಲಿಗೆ ನಿಲ್ಲಲಿಲ್ಲ. ಅಕ್ಕನ ಮಗನ ಕನೆಕ್ಷನ್ ಹಾಕಿಸುವುದಕ್ಕೆ ಬೇಕೆಂದೇ ಲೈನ್ ಕೆಡಿಸಿದ್ದೀರಿ ಎಂದುಬಿಟ್ಟೆ. ಗೌಡರು ಮೆಟ್ಟಿಲು ಹತ್ತಿ ಒಳಗೆ ಹೋದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಕೆಳಮನೆಯವಳು, "ಅಣ್ಣಾ, ನಾವು ಈ ಮನೇಲೇ ಇರ್ಬೇಕಲ್ವಾ?" ಎಂದು ಮೆಲ್ಲಗೆ ಕೇಳಿದಳು. ಆ ಮಾತನ್ನು ನಾನು ಅವತ್ತು ಕಿವಿಗೇ ಹಾಕಿಕೊಳ್ಳಲಿಲ್ಲ.

ಹಳೆಯ ಕೇಬಲ್ಲನ್ನು ಪೂರ್ತಿ ಕಿತ್ತು, ಕಂಬದಿಂದ ಮನೆಯವರೆಗೆ ಹೊಸದು ಎಳೆದೆ. ಅರ್ಧ ದಿನದ ಕೆಲಸ. ಹೊಸ ತುದಿಗೆ ಹೊಸ ಕನೆಕ್ಟರ್ ಹಾಕಿ, ಸ್ಪಿರಿಟ್ಟಿನಿಂದ ಒರೆಸಿ, ಮೀಟರಿಗೆ ಸಿಕ್ಕಿಸಿದೆ. ಮೈನಸ್ ಇಪ್ಪತ್ತೈದು! ಕಿತ್ತು ಮೋಡೆಮ್ಮಿಗೆ ಹಾಕಿ ಸ್ಪೀಡ್ ನೋಡಿದರೆ ನಲವತ್ತೈದು. ಇದೇನು ಗ್ರಹಚಾರ ಎಂದು ತಲೆ ಕೆರೆದುಕೊಂಡೆ. ಗೌಡರು ಕಟ್ಟಿದ್ದ ಹುರಿ ಪಾಪ ಏನೂ ಮಾಡಿರಲಿಲ್ಲ ಎಂದು ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಬದಲಿಗೆ ನನ್ನ ಅನುಮಾನ ಮೆಟ್ಟಿಲಿನಿಂದ ಕಂಬಕ್ಕೆ ಏರಿತು.

ಗುರುವಾರ ಏಣಿ ಹಾಕಿ ಕಂಬದ ಡಬ್ಬಿ ತೆರೆದೆ. ಒಂದು ಫೈಬರ್ ಬಂದು ಎಂಟು ಮನೆಗೆ ಒಡೆಯುವ ಜಾಗ ಅದು. ಡಬ್ಬಿಯ ಬೀಗ ಇರಲಿಲ್ಲ, ಬೈಂಡಿಂಗ್ ವೈರ್ ಸುತ್ತಿದ್ದರು. ಹೋ, ಸಿಕ್ಕಿಬಿದ್ದ ಎಂದುಕೊಂಡೆ. ಗೌಡರ ಅಕ್ಕನ ಮಗನ ಕಡೆಯವರು ಹತ್ತಿ ಕೈಯಾಡಿಸಿದ್ದಾರೆ! ಮೀಟರ್ ಹಾಕಿದರೆ ಅಲ್ಲಿ ಹದಿನೇಳು ಬರಬೇಕಾದದ್ದು ಇಪ್ಪತ್ಮೂರು. ಬೇರೆ ಮನೆಯ ಕನೆಕ್ಟರ್ ಕಿತ್ತು ಹಾಕಿ ನೋಡಿದೆ, ಇಪ್ಪತ್ಮೂರು. ಇನ್ನೊಂದು, ಮತ್ತೂ ಇಪ್ಪತ್ಮೂರು. ಎಲ್ಲವನ್ನೂ ಒಂದೊಂದಾಗಿ ಅಳೆದು, ಮತ್ತೆ ಸಿಕ್ಕಿಸಿ, ಹೊಸ ಬೀಗ ಜಡಿದು ಇಳಿದೆ. ಡಬ್ಬಿಯ ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿ, ಇದು ಬೇಕಂತ ಮಾಡಿದ ಕೆಲಸ ಸಾರ್ ಎಂದು ದೊಡ್ಡ ವಾಯ್ಸ್ ಮೆಸೇಜ್ ಹಾಕಿದೆ.

ಶುಕ್ರವಾರ ಬೆಳಗ್ಗೆ ಮ್ಯಾನೇಜರ್ ಆಫೀಸಿಗೆ ಕರೆದರು. ನನಗಿಂತ ಹತ್ತು ವರ್ಷ ಚಿಕ್ಕವರು, ಧರ್ಮಪುರಿ ಕಡೆಯವರು, ದನಿ ಏರಿಸಿದವರಲ್ಲ. "ಉಂಗ ಏರಿಯಾಲ ಮಟ್ಟುಂ ಏಣ್ಣೇ ಇವ್ವಳವು ಕಂಪ್ಲೇಂಟ್?" ಎಂದರು. ನನ್ನ ಏರಿಯಾದಲ್ಲಿ ಮಾತ್ರ ಯಾಕೆ ಇಷ್ಟು ದೂರು ಎಂದು. ಹಬ್ಬದ ಮೇಲೆ ಒಂಬತ್ತು ಮನೆಯವರು ಸ್ಪೀಡ್ ಇಲ್ಲ ಎಂದು ಫೋನ್ ಮಾಡಿದ್ದರು, ಒಂಬತ್ತೂ ನನ್ನವೇ. ಆಮೇಲೆ ಅವರು ಟೇಬಲ್ಲಿನ ಮೇಲಿನ ಪೆನ್ನನ್ನು ಸರಿಮಾಡುತ್ತಾ, ಬೇರೆ ಕಡೆ ಸೇರುವ ಯೋಚನೆ ಇದ್ದರೆ ನೇರವಾಗಿ ಹೇಳಿಬಿಡಿ, ಗಿರಾಕಿಗಳ ಲೈನ್ ಕೆಡಿಸಿ ಕರೆದುಕೊಂಡು ಹೋಗುವುದು ಬೇಡ ಎಂದರು.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಾನು ಊರವರ ಮೇಲೆಲ್ಲ ಅನುಮಾನ ಪಟ್ಟವನು. ನನ್ನ ಮೇಲೆ ಒಬ್ಬರು ಪಟ್ಟಾಗ ತಡೆಯಲಾಗಲಿಲ್ಲ. ಎದ್ದು ಬಂದೆ.

ಶನಿವಾರ ಮತ್ತೆ ಆ ಮನೆಗೆ ಹೋದೆ. ಬಾಗಿಲು ತೆಗೆದವಳು ಒಳಗೆ ಕರೆಯಲಿಲ್ಲ. ಸೊಂಟದ ಮೇಲೆ ಮಗು, ಕೈಯಲ್ಲಿ ಆ ನೋಟ್‌ಬುಕ್.

"ಅಣ್ಣ, ಬೇಜಾರ್ ಮಾಡ್ಕಬೇಡಿ. ಇದನ್ನೊಸಿ ನೋಡಿ."

ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದು ಎರಡು ಭಾಗ ಮಾಡಿದ್ದಳು. ಒಂದರ ಮೇಲೆ 'ಅಣ್ಣ ಬರೋ ಮುಂಚೆ', ಇನ್ನೊಂದರ ಮೇಲೆ 'ಅಣ್ಣ ಬಂದು ಹೋದ ಮೇಲೆ'. ಮಂಗಳವಾರ ತೊಂಬತ್ತು ಇದ್ದದ್ದು ಅರವತ್ತು. ಬುಧವಾರ ಅರವತ್ತು ಇದ್ದದ್ದು ನಲವತ್ತೈದು. ಗುರುವಾರ ನಾನು ಕಂಬದಿಂದ ಇಳಿದ ಮೇಲೆ ಮೂವತ್ತೊಂದು. ಶುಕ್ರವಾರ ನಾನು ಹೋಗಿರಲಿಲ್ಲ. ಮೂವತ್ತೊಂದು ಮೂವತ್ತೊಂದಾಗಿಯೇ ಇತ್ತು.

"ನೀವು ಬಂದಾಗ್ಲೆಲ್ಲ ಕಮ್ಮಿಯಾಯ್ತಾ ಐತೆ. ಬರ್ದೇ ಇದ್ದಾಗ ಹಂಗೇ ಇರ್ತದೆ," ಅಂದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಎತ್ತಿಕೊಂಡಳು. "ನಂಗೆ ಏನೂ ಗೊತ್ತಾಗಕಿಲ್ಲ ಈ ವೈರಿನ್ ವಿಷ್ಯ. ಬೇರೆ ಯಾರನ್ನಾರ ಕಳ್ಸಿ ಅಣ್ಣ. ನೀವು ಬರ್ಬೇಡಿ."

"ಏನಮ್ಮಾ, ನಾನೇನು ನಿಮ್ ಲೈನ್ ಕದ್ದುಕೊಂಡು ಹೋಗ್ತಿದೀನಾ?" ಎಂದು ರೇಗಿದೆ. ಮಗು ಬೆಚ್ಚಿ ಅಳತೊಡಗಿತು. ಬೈಕ್ ಹತ್ತಿ ಬಂದುಬಿಟ್ಟೆ.

ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ, ಇವಳ ಬಾಯಿ ಮುಚ್ಚಿಸುತ್ತೇನೆಂದೇ ಮೊಬೈಲಿನಲ್ಲಿ ವಾರದ ಕೆಲಸದ ಪಟ್ಟಿ ತೆಗೆದೆ. ಹಬ್ಬದ ಮೇಲೆ ಹನ್ನೊಂದು ಮನೆಗೆ ಹೋಗಿದ್ದೆ. ನಾನು ಹೋದ ಕಡೆಯೆಲ್ಲ ಕೆಟ್ಟಿಲ್ಲ ಎಂದು ತೋರಿಸಬೇಕಿತ್ತು. ಒಂಬತ್ತು ಮನೆಗಳಿಂದ ದೂರು ಬಂದಿತ್ತು, ಅದರಲ್ಲಿ ಎಂಟು ಮನೆಗೆ ನಾನು ಹೋಗಿದ್ದು ಬೇರೆ ಬೇರೆ ಕಾರಣಕ್ಕೆ, ಆಗ ಸ್ಪೀಡಿನ ಮಾತೇ ಇರಲಿಲ್ಲ. ದೂರು ಬರದೆ ಉಳಿದದ್ದು ಎರಡು. ಒಂದರಲ್ಲಿ ಇಲಿ ಕಡಿದ ಕರೆಂಟ್ ವೈರ್ ಬದಲಿಸಿದ್ದೆ, ಇನ್ನೊಂದರಲ್ಲಿ ಅಡಾಪ್ಟರ್. ಅವಸರಕ್ಕೆ ಆ ಎರಡು ಕಡೆ ಮಾತ್ರ ನಾನು ಮೀಟರ್ ಹಾಕಿರಲಿಲ್ಲ.

ಟೀ ಲೋಟ ಕೆಳಗಿಟ್ಟು ಮೀಟರನ್ನು ಚೀಲದಿಂದ ತೆಗೆದು ನೋಡಿದೆ. ಎಂದಿನ ಹಾಗೇ ಇತ್ತು. ಮೀಟರ್ ಸುಳ್ಳು ಅಂಕಿ ತೋರಿಸಬಹುದು, ಒಪ್ಪಿದೆ. ಆದರೆ ಅಳೆದ ಮಾತ್ರಕ್ಕೆ ಲೈನ್ ಹೇಗೆ ಕೆಡುತ್ತದೆ? ಅದೊಂದು ಹೊಳೆಯಲಿಲ್ಲ. ಇನ್ನೊಬ್ಬರ ಬಾಗಿಲು ಬಡಿಯುವ ಮುಂಚೆ ಮೊದಲು ಇದನ್ನೇ ವಿಚಾರಣೆ ಮಾಡಬೇಕು ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ. ಇನ್ನೊಂದು ಮೀಟರ್ ಇದ್ದದ್ದು ಕೃಷ್ಣಗಿರಿಯ ಬ್ರಾಂಚಿನಲ್ಲಿ.

ಭಾನುವಾರ ಬೆಳಗ್ಗೆಯೇ ಹೈವೇ ಹಿಡಿದೆ. ಬ್ರಾಂಚಿನಲ್ಲಿದ್ದವರು ರಿಟೈರ್ ಆಗುವ ವಯಸ್ಸಿನ ಟೆಕ್ನಿಷಿಯನ್. ಮನೆಮಾತು ತೆಲುಗು, ನನ್ನ ಜೊತೆ ಕನ್ನಡ. ಅವರ ಆಫೀಸಿನ ಲೈನನ್ನೇ ಅಳೆದೆವು. ಅವರ ಮೀಟರಿನಲ್ಲಿ ಮೈನಸ್ ಹದಿನೆಂಟು. ಅದೇ ಕನೆಕ್ಟರನ್ನು ನನ್ನದಕ್ಕೆ ಹಾಕಿದೆವು, ಇಪ್ಪತ್ತನಾಲ್ಕು.

"ನಿನ್ ಮೀಟ್ರು ಕೆಟ್ಟೋಗೈತೆ, ಅಷ್ಟೇ ಬಿಡು," ಅಂದರು.

"ತಿರ್ಗಾ ನಿಮ್ದಕ್ಕೆ ಹಾಕಣ್ಣ."

ಹಾಕಿದರು. ಈಗ ಅವರ ಮೀಟರ್ ಇಪ್ಪತ್ತೊಂದು ತೋರಿಸಿತು. ಒಂದು ನಿಮಿಷದ ಹಿಂದೆ ಹದಿನೆಂಟಿದ್ದ ಲೈನು! ಇಬ್ಬರೂ ಮುಖಮುಖ ನೋಡಿಕೊಂಡೆವು. ಅವರು ಕನೆಕ್ಟರಿನ ತುದಿಯನ್ನು ಭೂತಗನ್ನಡಿಯಂಥ ಸಣ್ಣ ಸ್ಕೋಪಿನಲ್ಲಿಟ್ಟು ನೋಡಿದರು. ಆಮೇಲೆ ಟಾರ್ಚ್ ಹಿಡಿದು ನನ್ನ ಮೀಟರಿನ ಬಾಯೊಳಗೆ ಇಣುಕಿದರು.

"ಇದೇನಪ್ಪಾ ಒಳಗಡೆ ಕೆಂಪಗೆ? ಕುಂಕುಮ ಇದ್ದಂಗೈತಲ್ಲ!"

ನನಗೆ ಆಯುಧಪೂಜೆಯ ಬೆಳಗು ಕಣ್ಣ ಮುಂದೆ ಬಂತು. ಮೀಟರಿನ ಬಾಯಿಗೆ ಇರಬೇಕಾದ ರಬ್ಬರ್ ಮುಚ್ಚಳ ಕಳೆದು ಎಷ್ಟೋ ತಿಂಗಳಾಗಿತ್ತು. ಬೊಟ್ಟಿಡುವಾಗ, ಮೀಟರಿಗೆ ಮುಖ ಅಂತ ಇದ್ದರೆ ಇದೇ ಅಲ್ಲವೇ ಎಂದು ಭಕ್ತಿಯಿಂದ ಬಾಯಿಯ ಅಂಚಿಗೇ ಗಂಧ ಮೆತ್ತಿ ಕುಂಕುಮ ಒತ್ತಿದ್ದೆ. ಒರೆಸಬಾರದೆಂದು ಒರೆಸಿರಲಿಲ್ಲ. ಅದು ತಾನಾಗಿ ಉದುರಿತ್ತು, ಒಳಕ್ಕೆ. ಕನೆಕ್ಟರನ್ನು ಮೀಟರಿಗೆ ಹಾಕುವ ಮುಂಚೆ ನಾನು ತಪ್ಪದೆ ಒರೆಸುತ್ತಿದ್ದೆ. ತೆಗೆದ ಮೇಲೆ ಒರೆಸದೆ ಸೀದಾ ಮೋಡೆಮ್ಮಿಗೆ ಸಿಕ್ಕಿಸುತ್ತಿದ್ದೆ. ಹೀಗೆ ಒಂಬತ್ತು ಮನೆಗೆ, ಒಂದು ಕಂಬಕ್ಕೆ, ಈಗ ಕೃಷ್ಣಗಿರಿಗೂ ನನ್ನ ಕೈಯಾರೆ ಕುಂಕುಮ ಹಂಚಿದ್ದೆ.

ನಾಚಿಕೆಯಿಂದ ನೆಲ ನೋಡುತ್ತಾ ನಿಂತೆ. ಅವರು ಮೊದಲು ನಕ್ಕರು, ಆಮೇಲೆ ಬೆನ್ನು ತಟ್ಟಿದರು. ತಮ್ಮಲ್ಲಿರುವುದು ಒಂದೇ ಮೀಟರ್, ಕೊಡಲಾಗುವುದಿಲ್ಲ ಎಂದರು. ನನ್ನದನ್ನು ಅಲ್ಲೇ ಬಿಟ್ಟು ಬಂದೆ. ಇನ್ನು ಅದನ್ನು ನಂಬುವ ಧೈರ್ಯ ಇರಲಿಲ್ಲ.

ದಾರಿಯುದ್ದಕ್ಕೂ ಒಂದೇ ಯೋಚನೆ. ಸುಮ್ಮನೆ ಎಲ್ಲ ಕಡೆ ಒರೆಸಿ, ಲೈನ್ ಫಾಲ್ಟ್ ಇತ್ತು ಎಂದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಕೊಳೆ ಕನೆಕ್ಟರ್ ಸೇರಿದ ಮೋಡೆಮ್ಮಿನ ಬಾಯೂ ಕೊಳೆಯಾಗಿರುತ್ತದೆ. ಸೋಮವಾರ ಹತ್ತರೊಳಗೆ ಆ ಮನೆಗೆ ಹೊಸ ಮೋಡೆಮ್ ಬೇಕು. ಅದನ್ನು ಕೊಡುವವರು ಮ್ಯಾನೇಜರ್. ಅವರಿಗೆ ನಿಜ ಹೇಳದೆ ಕೇಳುವ ಹಾಗಿಲ್ಲ. ಮಧ್ಯಾಹ್ನ ಅವರ ಮನೆಗೇ ಹೋಗಿ ಹೇಳಿದೆ. ಅವರು, ಪೂಜೆಯ ದಿನ ನಾನೂ ಕೈ ಮುಗಿದುಕೊಂಡು ಪಕ್ಕದಲ್ಲೇ ನಿಂತಿದ್ದೆನಲ್ಲ ಅಣ್ಣೇ ಎಂದು ತಮಿಳಿನಲ್ಲಿ ಹೇಳಿ, ಸ್ಟೋರಿನ ಬೀಗದ ಕೈ ಕೊಟ್ಟರು. ಸಂಜೆಯೊಳಗೆ ಕಂಬದ ಡಬ್ಬಿಯ ಎಂಟೂ ಕನೆಕ್ಟರ್ ಬದಲಿಸಿದೆ.

ಸೋಮವಾರ ಎಂಟೂವರೆಗೆ ಗೌಡರು ಗೇಟಿನ ಹತ್ತಿರ ಗುಲಾಬಿ ಕಟ್ಟು ಕಟ್ಟುತ್ತಿದ್ದರು.

"ತಪ್ಪಾಯ್ತು ಗೌಡ್ರೇ. ಅವತ್ತು ಬಾಯಿಗೆ ಬಂದಂಗೆ ಮಾತಾಡ್ಬುಟ್ಟೆ. ಕೆಟ್ಟಿದ್ದು ನನ್ ಸಾಮಾನೇ."

ಗೌಡರು ತಲೆ ಎತ್ತಲಿಲ್ಲ. "ವೈರು ಅಳೆಯಾಕೆ ಮೀಟ್ರು ಮಡೀಕಂಡಿದೀಯ. ಮನುಸರನ್ನ ಅಳೆಯಾಕೂ ಒಂದು ತಗೊಳ್ಳಪ್ಪ," ಎಂದರು.

ಒಳಗಿನವಳಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಹಂಗಾರೆ ನಾನು ಬರ್ದಿದ್ದು ಸರಿಯಾಗೇ ಇತ್ತು," ಅಂದಳು. "ಸರಿಯಾಗೇ ಇತ್ತು ಕಣಮ್ಮ," ಎಂದೆ. ಆಮೇಲೆ ದಾರಿ ಬಿಟ್ಟಳು.

ಹಳೆಯ ಕನೆಕ್ಟರ್ ಕತ್ತರಿಸಿ ಎಸೆದೆ. ದಾರದ ಮೇಲಿನ ಪೊರೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ಕಟ್ಟರಿನಲ್ಲಿಟ್ಟು ಒತ್ತಿದೆ. ಅವಸರಕ್ಕೆ ಗಾಜು ಓರೆಯಾಗಿ ತುಂಡಾಯಿತು. ಇನ್ನೊಮ್ಮೆ ಮಾಡಿದೆ. ಒಂಬತ್ತೂ ಮುಕ್ಕಾಲಿಗೆ ಹೊಸ ಕನೆಕ್ಟರ್ ಸಿದ್ಧವಾದಾಗ ಅಭ್ಯಾಸಬಲದಿಂದ ಕೈ ಚೀಲಕ್ಕೆ ಹೋಯಿತು. ಮೀಟರ್ ಅಲ್ಲಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅಳೆಯದೆ ನಾನು ಒಂದು ಮನೆಗೂ ಹೊಸ ಕನೆಕ್ಟರ್ ಸಿಕ್ಕಿಸಿದವನಲ್ಲ. ಇನ್ನೊಮ್ಮೆ ಒರೆಸಿ, ಹೊಸ ಮೋಡೆಮ್ಮಿಗೆ ಸೀದಾ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು.

ಹತ್ತು ಗಂಟೆಗೆ ಅವಳು ಕಿವಿಗೆ ಹೆಡ್‌ಫೋನ್ ಹಾಕಿ ಕೋಣೆಯ ಬಾಗಿಲು ಮುಚ್ಚಿಕೊಂಡಳು. ಶಿಫ್ಟ್ ಮುಗಿಸಿ ಬಂದಿದ್ದ ಗಂಡ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಾಡುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಆ ಅರ್ಧ ಗಂಟೆ ಕರೆಂಟು, ಕಂಬ, ದಾರಿಯಲ್ಲಿ ಹೋಗುವ ಲಾರಿ, ಎಲ್ಲದರ ಮೇಲೂ ನನಗೆ ಅನುಮಾನವೇ. ಗೌಡರು ಬಂದು ಪಕ್ಕದಲ್ಲಿ ಕೂತರು.

ಬಾಗಿಲು ತೆರೆದಾಗ ಅವಳ ಕಣ್ಣು ಒದ್ದೆಯಾಗಿತ್ತು. "ಪಾಸಾಯ್ತು," ಎಂದು ಗಂಡನಿಗೆ ಹೇಳಿ ಮಗುವನ್ನು ಕೈಗೆ ತೆಗೆದುಕೊಂಡಳು. ನನಗೂ ಅಳು ಬಂದ ಹಾಗಾಗಿ, ಬೇಕಿಲ್ಲದಿದ್ದರೂ ಚೀಲದ ಜಿಪ್ ಎಳೆದೆ. ಮೇಜಿನ ಮೇಲೆ ನೋಟ್‌ಬುಕ್ ತೆರೆದಿತ್ತು. 'ಅಣ್ಣ ಬರೋ ಮುಂಚೆ' ಎಂಬಲ್ಲಿ ನಲವತ್ತೈದು, ಕಂಬದ ಡಬ್ಬಿ ಸರಿಯಾದದ್ದರ ಗುರುತು. ಪಕ್ಕದ್ದು ಖಾಲಿ.

"ಇದನ್ನೂ ಬರ್ದುಬುಡಮ್ಮ," ಎಂದೆ.

"ನೀವಿನ್ನೂ ಹೋಗಿಲ್ವಲ್ಲ ಅಣ್ಣ," ಅಂದಳು. "ಹೋಗಿ. ಆಮೇಲೆ ನೋಡಿ ಬರೀತೀನಿ."

ಗೌಡರು ಕೆಮ್ಮಿದ ಹಾಗೆ ನಕ್ಕರು. ನಾನು "ಬತ್ತೀನಿ" ಎಂದು ಹೇಳಿ ಬೈಕ್ ತೆಗೆದೆ. ರಸ್ತೆ ತಿರುವಿನಲ್ಲಿ, ಆ ಮನೆ ಕಾಣದ ಜಾಗದಲ್ಲಿ ನಿಲ್ಲಿಸಿ ಕಾದೆ. ಹತ್ತು ನಿಮಿಷದ ಮೇಲೆ ಮೊಬೈಲಿಗೆ ನೋಟ್‌ಬುಕ್ಕಿನ ಫೋಟೋ ಬಂತು. ತೊಂಬತ್ತನಾಲ್ಕು. ಉಳಿದ ಎಂಟು ಮನೆಗಳ ಪಟ್ಟಿ ತೆಗೆದು, ಮೊದಲನೆಯವರಿಗೆ ಫೋನ್ ಮಾಡಿದೆ.